ಬೀಡಿ ಬಿಡುವವನ ಬಳಗ

ಧೂಮಪಾನದಿಂದ ಕೇಡುಂಟೆಂಬುದನ್ನು ಇಂದು ಯಾರಿಗೂ ಹೊಸದಾಗಿ ತಿಳಿಸಬೇಕಾದ ಅಗತ್ಯ ಉಳಿದಿಲ್ಲ. ಸಿಗರೇಟಿನ ಪೊಟ್ಟಣದ ಮೇಲೆ ನೂರಕ್ಕೆ 85 ಭಾಗವನ್ನು ರೋಗಗ್ರಸ್ತ ಶರೀರದ ಚಿತ್ರವೂ ಎಚ್ಚರಿಕೆಯ ಮಾತೂ ಆಕ್ರಮಿಸಿರಬೇಕೆಂಬ ನಿಯಮವು 2016ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಅದನ್ನು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೇ 2017ರ ಡಿಸೆಂಬರಿನಲ್ಲಿ ರದ್ದುಪಡಿಸಿದುದೂ, ಕೆಲವೇ ವಾರಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯೊಡ್ಡಿ ಚಿತ್ರವನ್ನು ಉಳಿಸಿದುದೂ ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. ಆ ಚಿತ್ರವನ್ನು ದಿನದಿನವೂ ಕೈಯಲ್ಲಿ ಹಿಡಿದು ನೋಡುವವನು ಸೇದುವವನೇ ಹೊರತು ಅವನಿಗೆ ಬುದ್ಧಿ ಹೇಳಹೊರಡುವ ನಾವಲ್ಲ. 2016–17ರಲ್ಲಿ ದೇಶಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸೇದುವವರ ಪೈಕಿ ನೂರಕ್ಕೆ 55 ಮಂದಿ, ತಾವು ಇದನ್ನು ಬಿಡುವ ಸಂಕಲ್ಪದಲ್ಲಿಯೋ ಆಲೋಚನೆಯಲ್ಲಿಯೋ ಇರುವುದಾಗಿ ಹೇಳಿಕೊಂಡರು. ಅಂತಹವನ ಮುಂದೆ ಶ್ವಾಸಕೋಶದ ಕ್ಯಾನ್ಸರಿನ ಪುರಾಣವನ್ನು ಮೊದಲಿನಿಂದ ಬಿಚ್ಚುವುದೆಂದರೆ, ಯಾತ್ರೆಗೆಂದು ಗಂಟು ಕಟ್ಟಿಕೊಂಡು ಹೊಸಿಲ ಮೇಲೆ ನಿಂತಿರುವವನಿಗೆ ಕ್ಷೇತ್ರಮಾಹಾತ್ಮ್ಯವನ್ನು ಓದಿ ಹೇಳಿದಂತೆ. ಅವನಿಗೆ ಬೇಕಾಗಿರುವುದು ದಾರಿಯ ಜೊತೆ.

ಬಿಡುವವನ ಕಷ್ಟ ಎಂಥದೆಂಬುದನ್ನು ಬಿಡಿಸುವವರು ಮೊದಲು ಅರಿಯತಕ್ಕದ್ದು. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ದ್ರವ್ಯವು ಒಂದು ದಮ್ಮನ್ನೆಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ; ಎರಡು ಗಂಟೆಗಳ ಕಾಲ ಕಳೆಯುವಷ್ಟರಲ್ಲಿ ರಕ್ತದಲ್ಲಿ ಅದರ ಪ್ರಮಾಣವು ಅರ್ಧಕ್ಕಿಳಿಯುತ್ತದೆ; ಇಳಿದಂತೆಲ್ಲ ಶರೀರವು ಮತ್ತೊಂದನ್ನು ಬೇಡುತ್ತದೆ. ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಈ ಬೇಡಿಕೆ ಅತ್ಯುಗ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳೊಳಗೆ ಬಹುಮಟ್ಟಿಗೆ ಶಮನವಾಗುತ್ತದೆ. ಆ ಅವಧಿಯಲ್ಲಿ ಮನುಷ್ಯನು ಸಿಡಿಮಿಡಿಗೊಳ್ಳುತ್ತಾನೆ, ನಿದ್ರೆಗೆಡುತ್ತಾನೆ, ಲೆಕ್ಕದ ಪುಸ್ತಕದ ಮುಂದೆ ಕುಳಿತರೆ ಕೂಡಿದ ಮೊತ್ತವನ್ನೇ ಮರೆಯುತ್ತಾನೆ, ಬೆಳಗಿನ ಬೀಡಿಯಿಲ್ಲದೆ ಹೊಟ್ಟೆ ಸಡಿಲವಾಗದೆಂದು ಗೊಣಗುತ್ತಾನೆ. (ಈ ಕೊನೆಯ ದೂರನ್ನು ನಗೆಯ ಮಾತೆಂದು ತಳ್ಳುವಂತಿಲ್ಲ, ಮಲಬದ್ಧತೆಯೂ ತಂಬಾಕು ಬಿಟ್ಟವರಲ್ಲಿ ವೈದ್ಯರು ಕಾಣುವ ಲಕ್ಷಣವೇ.) ಮನೆಯವರಾದರೋ ಇದು ಶರೀರದ ಬೇಗೆಯೆಂಬುದನ್ನರಿಯದೆ, ಸ್ವಭಾವದ ದೋಷವೆಂದು ಬಗೆದು, “ಈ ರೇಗಾಟಕ್ಕಿಂತ ನೀವು ಸೇದಿಕೊಂಡಿದ್ದುದೇ ವಾಸಿಯಾಗಿತ್ತು” ಎಂದುಬಿಡುತ್ತಾರೆ. ವಿನೋದಕ್ಕೆ ಆಡಿದ ಮಾತಾದರೂ, ಒಂದು ನೆವಕ್ಕಾಗಿ ಕಾದು ಕುಳಿತಿರುವ ಮನಸ್ಸು ಅದನ್ನು ಅಪ್ಪಣೆಯೆಂದೇ ಸ್ವೀಕರಿಸುತ್ತದೆ.

ಆದರೆ ಶರೀರದ ಬೇಡಿಕೆಯು ಈ ಬಂಧನದ ಅರ್ಧಭಾಗ ಮಾತ್ರ. ಮಿಕ್ಕ ಅರ್ಧವು ಹೊತ್ತುಗೊತ್ತುಗಳಲ್ಲಿಯೂ ಸಹವಾಸದಲ್ಲಿಯೂ ಇದೆ. ಇದಕ್ಕೆ ನಮ್ಮ ಕಣ್ಣೆದುರಿಗೇ ಪ್ರತಿವರ್ಷವೂ ನಡೆಯುವ ಒಂದು ನಿದರ್ಶನವಿದ್ದು, ಅದರ ಕಡೆಗೆ ಸಲ್ಲಬೇಕಾದಷ್ಟು ಲಕ್ಷ್ಯ ಸಂದಂತೆ ನನಗೆ ತೋರುವುದಿಲ್ಲ. ನವೆಂಬರಿನ ನಡುವಿನಲ್ಲಿ ಮಂಡಲಕಾಲವು ತೊಡಗಿದೊಡನೆ ಕನ್ನಡನಾಡಿನ ಊರೂರುಗಳಲ್ಲಿ ಲಾರಿ ಚಾಲಕರು, ಗಾರೆ ಕೆಲಸದವರು, ಗುಮಾಸ್ತರು, ಕಾಲೇಜಿನ ಹುಡುಗರು ಮಾಲೆಯನ್ನು ಧರಿಸಿ ಅಯ್ಯಪ್ಪನ ವ್ರತಕ್ಕೆ ನಿಲ್ಲುತ್ತಾರೆ. ವ್ರತದ ಅವಧಿ ಸಂಪ್ರದಾಯದಂತೆ 41 ದಿನ. ಅಷ್ಟು ದಿನವೂ ಮದ್ಯ, ಮಾಂಸ, ಧೂಮಪಾನಗಳು ವರ್ಜ್ಯ. ಈಗೀಗ ವ್ರತವನ್ನೇ ಮೊಟಕುಮಾಡಿಕೊಳ್ಳುವವರ ಮಾತು ಹಾಗಿರಲಿ; ಕ್ರಮವಾಗಿ ನಡೆಸುವವರಲ್ಲಿ, ದಿನಕ್ಕೊಂದು ಕಟ್ಟು ಬೀಡಿಯನ್ನು ಬೂದಿಮಾಡುತ್ತಿದ್ದವನು ಸಹ ಗುರುಸ್ವಾಮಿಯ ಕೈಯಿಂದ ಮಾಲೆ ಕೊರಳಿಗೆ ಬಿದ್ದ ಬೆಳಗ್ಗೆಯೇ ನಿಲ್ಲಿಸಿಬಿಡುತ್ತಾನೆ.

ಇದು ಹೇಗೆ ಸಾಧ್ಯವಾಯಿತು? ಭಕ್ತಿಯ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭಕ್ತಿಯೊಡನೆ ಮತ್ತೊಂದೂ ಕೆಲಸಮಾಡುತ್ತದೆ. ಸುತ್ತಲಿನವರೆಲ್ಲರ ನಡೆನುಡಿ ಒಮ್ಮೆಲೇ ಬದಲಾಗುತ್ತದೆ. ನಿನ್ನೆಯವರೆಗೆ “ಬಾರೋ” ಎನ್ನುತ್ತಿದ್ದ ಗೆಳೆಯನು ಇಂದು “ಬನ್ನಿ ಸ್ವಾಮಿ” ಎನ್ನುತ್ತಾನೆ. ಮುಖ ಕಂಡೊಡನೆ ಕೇಳದೆಯೇ ಸಿಗರೇಟನ್ನು ಮುಂದಕ್ಕೆ ಚಾಚುತ್ತಿದ್ದ ಪೆಟ್ಟಿಗೆ ಅಂಗಡಿಯವನು ಕೊರಳ ಮಾಲೆಯನ್ನು ನೋಡಿ ಕೈಯನ್ನು ಹಿಂದಕ್ಕೆ ಸೆಳೆಯುತ್ತಾನೆ. ಮುಂಜಾನೆಯ ತಣ್ಣೀರ ಸ್ನಾನ, ಸಂಜೆಯ ಭಜನೆ, ಶರಣುಘೋಷಗಳಿಂದ ಬೀಡಿಯ ಹೊತ್ತುಗಳೆಲ್ಲ ಬೇರೆ ಕಾರ್ಯದಿಂದ ತುಂಬಿಹೋಗುತ್ತವೆ. ಅವನ ಸಿಡುಕನ್ನು ಸಹ ಮನೆಯವರು ವ್ರತದ ಆಯಾಸದ ಲೆಕ್ಕಕ್ಕೆ ಹಾಕಿ ಸೈರಿಸುತ್ತಾರೆ. ಒಬ್ಬನ ಪ್ರತಿಜ್ಞೆಯನ್ನು ಹತ್ತು ಮಂದಿ ಹೊರುತ್ತಾರೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ 41 ದಿನಗಳೆಂದರೆ ಶರೀರದ ಬೇಗೆ ಆರಿಹೋಗಿ ಸಾಕಷ್ಟು ಕಾಲವಾಗಿರುತ್ತದೆ. ಆ ಮನುಷ್ಯನು ಬಿಟ್ಟವನೇ ಸರಿ. ಆದರೂ ಶಬರಿಮಲೆಯಿಂದ ಮರಳಿ ಮಾಲೆಯನ್ನು ತೆಗೆದ ದಿನವೇ ಎಷ್ಟೋ ಮಂದಿ ಮತ್ತೆ ಅಂಗಡಿಯ ಮುಂದೆ ನಿಲ್ಲುವುದನ್ನು ನಾವು ನೋಡುತ್ತೇವೆ. ಅಲ್ಲಿಗೆ ಅವರನ್ನು ಕರೆದೊಯ್ಯುವುದು, “ಮಾಲೆ ತೆಗೆದಾಯಿತಲ್ಲ, ಇನ್ನೇನು, ಬಾ” ಎಂಬ ಸ್ನೇಹಿತರ ಅಕ್ಕರೆಯ ಮಾತು. ರಂಜಾನಿನ ಉಪವಾಸದಲ್ಲಿ ಹಗಲೆಲ್ಲ ತಂಬಾಕನ್ನು ಮುಟ್ಟದೆ ತಿಂಗಳನ್ನೇ ಕಳೆದವರ ಕಥೆಯೂ ಬಹುಮಟ್ಟಿಗೆ ಇದೇ.

ಬಳಗದ ಈ ಬಲವನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಹೃದ್ರೋಗದ ಅಧ್ಯಯನಕ್ಕಾಗಿ ದಶಕಗಳಿಂದ ಸಂಗ್ರಹಿಸಿದ್ದ ದಾಖಲೆಗಳನ್ನು ಮುಂದಿಟ್ಟುಕೊಂಡು, ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಎಂಬ ವಿದ್ವಾಂಸರು 1971ರಿಂದ 2003ರವರೆಗೆ 12,067 ಮಂದಿಯ ಬಾಂಧವ್ಯಗಳನ್ನೂ ಧೂಮಪಾನವನ್ನೂ ಕೂಡಿಸಿ ಪರಿಶೀಲಿಸಿ, ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ದಂಪತಿಗಳಲ್ಲಿ ಒಬ್ಬರು ಬಿಟ್ಟರೆ ಮತ್ತೊಬ್ಬರು ಸೇದುವ ಸಂಭವವು ನೂರಕ್ಕೆ 67ರಷ್ಟು ಇಳಿಯುತ್ತದೆ. ಸ್ನೇಹಿತನು ಬಿಟ್ಟರೆ 36ರಷ್ಟು. ಸಣ್ಣ ಕಚೇರಿಯ ಸಹೋದ್ಯೋಗಿ ಬಿಟ್ಟರೆ 34ರಷ್ಟು. ಪಕ್ಕದ ಮನೆಯವನು ಬಿಟ್ಟರೆ ಮಾತ್ರ ಇಂತಹ ಪರಿಣಾಮವೇನೂ ಕಾಣಬರಲಿಲ್ಲ. ಗೋಡೆಯ ಸಾಮೀಪ್ಯಕ್ಕಿಂತ ಮನಸ್ಸಿನ ಸಾಮೀಪ್ಯವೇ ಇಲ್ಲಿ ಗಣನೀಯವೆಂದಾಯಿತು. ಜನರು ಬಿಡುವುದೂ ಬಹುಶಃ ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿಯೇ ಎಂಬುದು ಆ ವಿದ್ವಾಂಸರ ಅಭಿಪ್ರಾಯವಾಗಿತ್ತು.

ಹಾಗಾದರೆ ಬಳಗದವರು ಮಾಡತಕ್ಕದ್ದೇನು? ಮಾಡಬಾರದ್ದನ್ನು ಮೊದಲು ಹೇಳುವುದು ಸುಲಭ. ಬಿಟ್ಟೆನೆಂದು ಹೇಳಿಕೊಂಡವನನ್ನು ಕಂಡು “ಇದು ಸ್ಮಶಾನವೈರಾಗ್ಯ, ಎಷ್ಟು ದಿನವೋ ನೋಡೋಣ” ಎಂದು ನಗುವುದು ನಮ್ಮಲ್ಲಿ ಬಹಳ ಹಳೆಯ ಚಟ. ತಂಬಾಕಿನ ಚಟಕ್ಕಿಂತಲೂ ಬಿಡುವುದು ಕಷ್ಟವೆಂದು ಕೆಲವೊಮ್ಮೆ ನನಗನ್ನಿಸಿದೆ. ಮದುವೆಯ ಮನೆಯ ಹಿತ್ತಿಲಲ್ಲಿ “ಒಂದು ದಮ್ಮಿಗೆ ಏನಾಗಿಬಿಡುತ್ತದೆ” ಎಂದು ಒತ್ತಾಯಿಸುವ ಔದಾರ್ಯವು ಅದಕ್ಕಿಂತ ಕೇಡು. ಕಚೇರಿಯಿಂದ ಬಂದವನ ಅಂಗಿಯನ್ನು ಮೂಸಿ ನೋಡಿ ಕಳ್ಳನನ್ನು ಹಿಡಿಯುವಂತೆ ಹಿಡಿಯುವ ಪತ್ತೇದಾರಿಕೆಯೂ ಅಂಥದೇ. ಅದು ಅವನಿಗೆ ಬಿಡುವುದನ್ನು ಕಲಿಸದೆ ಏಲಕ್ಕಿ ಅಗಿಯುವುದನ್ನು ಕಲಿಸುತ್ತದೆ. ಮಾಡಬೇಕಾದುದು ಇವಕ್ಕಿಂತ ಅಲ್ಪವಾದುದು, ಆದರೆ ನಿತ್ಯವೂ ಮಾಡಬೇಕಾದುದು: ಯಾವ ಹೊತ್ತು ಅವನಿಗೆ ಕಠಿನವೆಂಬುದನ್ನು ಅವನನ್ನೇ ಕೇಳಿ ತಿಳಿದುಕೊಂಡು ಆ ಹೊತ್ತಿಗೆ ಒದಗುವುದು, ಊಟವಾದೊಡನೆ ಜೊತೆಗೊಂಡು ನಾಲ್ಕು ಹೆಜ್ಜೆ ನಡೆಯುವುದು, ತಾನು ಸೇದುವವನಾಗಿದ್ದರೆ ಅವನೆದುರಿಗೆ ಕಡ್ಡಿ ಗೀರದಿರುವುದು. ಆಸೆಯ ಒಂದೊಂದು ಅಲೆಯೂ ಕೆಲವು ನಿಮಿಷಗಳಲ್ಲಿ ತಾನಾಗಿ ಇಳಿಯುವಂಥದಾದುದರಿಂದ, ಆ ಕೆಲವು ನಿಮಿಷಗಳ ಮಾತುಕತೆಯೇ ದೊಡ್ಡ ಉಪಕಾರವಾಗುತ್ತದೆ.

ನಡುವೆ ಒಮ್ಮೆ ಜಾರಿದವನನ್ನು ಪತಿತನಂತೆ ಕಾಣಲಾಗದು. ಯಾರ ನೆರವೂ ಇಲ್ಲದೆ ಬಿಡಲೆತ್ನಿಸಿದವರಲ್ಲಿ ಆರು ತಿಂಗಳು, ಒಂದು ವರ್ಷದ ತರುವಾಯವೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ. ಎಂದಮೇಲೆ ಜಾರುವುದೇ ಇಲ್ಲಿ ಸಾಮಾನ್ಯವಾದ ಸಂಗತಿ. ವೈದ್ಯರ ಸಲಹೆಯೂ ನಿಕೋಟಿನ್ ಗಮ್ಮಿನಂತಹ ಔಷಧವೂ ಈ ಸಂಖ್ಯೆಯನ್ನು ಮೇಲಕ್ಕೆತ್ತುತ್ತವೆ. ಆದರೆ ರೋಗಿ ಸೇದುವವನೇ ಎಂದು ಕೇಳುವ ವ್ಯವಧಾನ ನಮ್ಮ ಎಷ್ಟೋ ಮಂದಿ ವೈದ್ಯರಿಗಿಲ್ಲ. 2018ರ ಸೆಪ್ಟೆಂಬರಿನಿಂದ ಸಿಗರೇಟಿನ ಪೊಟ್ಟಣದ ಮೇಲೆಯೇ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆ ಅಚ್ಚಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಸಲಹಾಕೇಂದ್ರದ ಒಂದು ಶಾಖೆಯಿದ್ದು, ಕನ್ನಡದಲ್ಲಿ ಮಾತನಾಡಿ ಧೈರ್ಯ ತುಂಬುವವರು ಅಲ್ಲಿದ್ದಾರೆ.

“ಇಷ್ಟು ವರ್ಷ ಸೇದಿ ಆಯಿತು, ಇನ್ನು ಬಿಟ್ಟು ಏನು ಬಂತು” ಎನ್ನುವ ಹಿರಿಯರಿಗೆ ರಿಚರ್ಡ್ ಡಾಲ್ ಎಂಬ ಆಂಗ್ಲ ವೈದ್ಯರ ಕೆಲಸವನ್ನು ತಿಳಿಸಬಹುದು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು 1950ರಲ್ಲಿ ಬ್ರಾಡ್‌ಫರ್ಡ್ ಹಿಲ್ ಅವರೊಡನೆ ತೋರಿಸಿಕೊಟ್ಟ ಅವರು, ತಮ್ಮ ಲೆಕ್ಕವೇ ಹೊರಗೆಡಹಿದ ಸತ್ಯವನ್ನು ಕಂಡು ತಾವೂ ಸೇದುವುದನ್ನು ಬಿಟ್ಟವರು. 1951ರಿಂದ ಬ್ರಿಟನ್ನಿನ ಮೂವತ್ತನಾಲ್ಕು ಸಾವಿರಕ್ಕೂ ಮಿಕ್ಕ ವೈದ್ಯರನ್ನು ಐವತ್ತು ವರ್ಷ ಅನುಸರಿಸಿ ನಡೆದ ಅವರ ಅಧ್ಯಯನದ ಪ್ರಕಾರ, ಜೀವಮಾನವಿಡೀ ಸೇದಿದವರು ಸರಾಸರಿ ಹತ್ತು ವರ್ಷಗಳ ಆಯುಸ್ಸನ್ನು ಕಳೆದುಕೊಂಡರು. ಮೂವತ್ತರಲ್ಲಿ ಬಿಟ್ಟವರು ಹೆಚ್ಚುಕಡಮೆ ಆ ಹತ್ತನ್ನೂ, ನಲವತ್ತರಲ್ಲಿ ಬಿಟ್ಟವರು ಒಂಬತ್ತನ್ನೂ, ಐವತ್ತರಲ್ಲಿ ಆರನ್ನೂ, ಅರುವತ್ತರಲ್ಲಿ ಬಿಟ್ಟವರು ಸಹ ಮೂರನ್ನೂ ಮರಳಿ ಪಡೆದರು.

ಎಲ್ಲರೂ ಬಿಟ್ಟರೆ ಹುಣಸೂರು ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರ, ದಕ್ಷಿಣಕನ್ನಡದ ಮನೆಜಗಲಿಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಗತಿಯೇನೆಂಬ ಪ್ರಶ್ನೆ ದೊಡ್ಡದು, ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳಬೇಕಾದುದು ಸರ್ಕಾರಗಳು, ಸೇದುವವನ ಶ್ವಾಸಕೋಶವಲ್ಲ. ಕಾನೂನಂತೂ ಬಿಗಿಯಾಗುತ್ತಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನದ ನಿಷೇಧವು 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಇದೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು ದಂಡವನ್ನು ಇನ್ನೂರರಿಂದ ಸಾವಿರ ರೂಪಾಯಿಗೆ ಏರಿಸಿ, ಕೊಳ್ಳುವವನ ಕನಿಷ್ಠ ವಯಸ್ಸನ್ನು 21ಕ್ಕೆ ಒಯ್ದಿದೆ. ಒಳ್ಳೆಯದೇ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಆ ಮಾಲೆಯವರ ಕಡೆಗೇ ಹೋಗುತ್ತದೆ. ಸರ್ಕಾರವು ಎಷ್ಟು ಹಣ ಸುರಿದರೂ ಒಟ್ಟುಗೂಡಿಸಲಾರದಷ್ಟು ಮಂದಿ ವರ್ಷಕ್ಕೊಮ್ಮೆ ತಾವಾಗಿಯೇ ತಂಬಾಕನ್ನು ಬಿಟ್ಟು, ಮಕರಜ್ಯೋತಿಯ ವೇಳೆಗೆ ನಿರ್ವ್ಯಸನಿಗಳಾಗಿ ಊರಿಗೆ ಮರಳುತ್ತಾರೆ. ಮಾಲೆಯನ್ನು ತೆಗೆಯುವ ದಿನ ಗುರುಸ್ವಾಮಿಯು ಬೇರೆಲ್ಲ ನಿಯಮಗಳನ್ನು ಸಡಿಲಿಸಿ ಇದೊಂದನ್ನು ಮಾತ್ರ ಮುಂದಿನ ಮಂಡಲದವರೆಗೆ ಉಳಿಸಿಕೊಳ್ಳಬೇಕೆಂದು ಕೇಳಿಕೊಂಡರೆ, ಜೊತೆಯಲ್ಲಿ ಯಾತ್ರೆಮಾಡಿದ ತಂಡದವರು ವಾರಕ್ಕೊಮ್ಮೆ ಭಜನೆಗೆಂದು ಕೂಡಿ ಪರಸ್ಪರ ವಿಚಾರಿಸಿಕೊಂಡರೆ, ಊರಿನ ಆಸ್ಪತ್ರೆಯ ವೈದ್ಯರು ಆ ಕೂಟಕ್ಕೆ ಒಂದು ಸಂಜೆ ಬಂದುಹೋದರೆ, ಅದಕ್ಕೆ ಸರ್ಕಾರದ ಆದೇಶವೂ ಬೇಡ, ಅನುದಾನವೂ ಬೇಡ. ಬರುವ ಮಂಡಲಕಾಲದಲ್ಲಿ ಒಂದೆರಡು ತಾಲ್ಲೂಕುಗಳವರಾದರೂ ಇದನ್ನು ಮಾಡಿನೋಡಬಹುದು.