ಹಸುರು ಗೆರೆಯ ಅರ್ಥ

ರಸ್ತೆಯ ನಡುವೆ ಗೆರೆ ಎಳೆಯುವುದು ಈಗ ನಮಗೆ ಎಷ್ಟು ಸಹಜವಾಗಿ ತೋರುತ್ತದೆಯೆಂದರೆ, ಅದನ್ನೂ ಯಾರೋ ಒಬ್ಬರು ಮೊದಲು ಯೋಚಿಸಿರಬೇಕೆಂಬ ಸಂಗತಿಯೇ ನೆನಪಿಗೆ ಬರುವುದಿಲ್ಲ. ಅಮೆರಿಕದ ಮಿಷಿಗನ್ ಸಂಸ್ಥಾನದ ವೇಯ್ನ್ ಕೌಂಟಿಯಲ್ಲಿ ರಸ್ತೆಗಳ ಮಂಡಲಿಯಲ್ಲಿದ್ದ ಎಡ್ವರ್ಡ್ ಹೈನ್ಸ್ ಎಂಬಾತ 1911ರಲ್ಲಿ ಹಾಗೆ ಎಳೆಸಿದನೆಂದು ಹೇಳುತ್ತಾರೆ. ಸೋರುತ್ತಿದ್ದ ಹಾಲಿನ ಗಾಡಿಯೊಂದು ದಾರಿಯುದ್ದಕ್ಕೂ ಬಿಟ್ಟುಹೋದ ಬಿಳಿಯ ಧಾರೆಯನ್ನು ಕಂಡು ಆತನಿಗೆ ಈ ಯೋಚನೆ ಹೊಳೆಯಿತೆಂಬ ಕಥೆಯೂ ಉಂಟು. ನಿಜವಿರಲಿ ಇಲ್ಲದಿರಲಿ, ಕಥೆ ಸೊಗಸಾಗಿದೆ. ಆ ಗೆರೆ ಮನುಷ್ಯನ ಕಣ್ಣಿಗಾಗಿ ಬರೆದ ಬರಹ. ಸುಮಾರು ಎಂಬತ್ತು ವರ್ಷಗಳ ಕಾಲ ಅದನ್ನು ಮನುಷ್ಯನೊಬ್ಬನೇ ಓದಿದ. ಈಗ ಕಾರೂ ಓದತೊಡಗಿದೆ.

1992ರಲ್ಲಿ ಜಪಾನಿನ ಮಿತ್ಸುಬಿಷಿಯವರು ಕ್ಯಾಮರಾದ ನೆರವಿನಿಂದ ಗೆರೆ ನೋಡುವ ಉಪಕರಣವನ್ನು ತಮ್ಮ ಒಂದು ಕಾರಿನಲ್ಲಿ ಇಟ್ಟರು. 2001ರಲ್ಲಿ ಅದೇ ದೇಶದ ನಿಸ್ಸಾನ್ ಕಾರೊಂದು ಗೆರೆಯನ್ನು ನೋಡುವುದಷ್ಟೇ ಅಲ್ಲದೆ, ಅದರೊಳಗೆ ಉಳಿಯಲು ಚಾಲಕನಿಗೆ ಕೈಗೂಡಿಸುವಂತಾಯಿತು. ಯೂರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಪ್ರತಿಯೊಂದು ಹೊಸ ಕಾರಿನಲ್ಲಿಯೂ, ತುರ್ತಿನ ಸಮಯಕ್ಕಾದರೂ ಒದಗುವ ಇಂಥದೊಂದು ವ್ಯವಸ್ಥೆ ಇರಲೇಬೇಕೆಂದು ಕಾಯಿದೆಯಾಗಿದೆ. ನಮ್ಮ ದೇಶದಲ್ಲಿ ಕಡ್ಡಾಯವಿಲ್ಲದಿದ್ದರೂ, 2021ರಿಂದೀಚೆಗೆ ಮಹೀಂದ್ರ ಮೊದಲಾದವರ ಕಾರುಗಳಲ್ಲಿ ಇದು ಬಂದಿದೆ. 'ಲೇನ್ ಕೀಪಿಂಗ್ ಅಸಿಸ್ಟ್' ಎಂಬುದು ಇದರ ಹೆಸರು. ಮುಂಗಾಜಿನ ಹಿಂದೆ, ಕನ್ನಡಿಯ ಬಳಿ, ಒಂದು ಕ್ಯಾಮರಾ ಕುಳಿತಿರುತ್ತದೆ. ಅದು ಇಕ್ಕೆಲದ ಗೆರೆಗಳನ್ನು ಗುರುತಿಸುತ್ತದೆ. ಚಾಲಕ ಇಂಡಿಕೇಟರ್ ಹಾಕದೆ ಗೆರೆಯತ್ತ ಸರಿದರೆ ಸ್ಟಿಯರಿಂಗ್ ಚಕ್ರವನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸುತ್ತದೆ. ಅನೇಕ ಕಾರುಗಳಲ್ಲಿ ವೇಗ ಗಂಟೆಗೆ ಸುಮಾರು 60 ಕಿಲೋಮೀಟರನ್ನು ಮುಟ್ಟುವವರೆಗೆ ಇದು ಕೆಲಸಕ್ಕೆ ಇಳಿಯುವುದಿಲ್ಲ. ನಿದ್ದೆಯ ಜೊಂಪಿನಲ್ಲಿ ಪ್ರಾಣ ಕಳೆದುಕೊಂಡವರನ್ನು ನೆನೆದರೆ ಇದು ಒಳ್ಳೆಯ ಉಪಕರಣವೆಂಬುದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಉಪಕರಣದ ಮೇಲಲ್ಲ, ಅದು ಆಡುವ ಭಾಷೆಯ ಮೇಲೆ.

ಚಾಲಕನ ಎದುರಿನ ಫಲಕದಲ್ಲಿ ಒಂದು ಪುಟ್ಟ ಚಿತ್ರವಿರುತ್ತದೆ: ಎರಡು ಗೆರೆ, ನಡುವೆ ಒಂದು ಕಾರು. ಗೆರೆಗಳು ಕೆಲವೊಮ್ಮೆ ಬೂದು, ಕೆಲವೊಮ್ಮೆ ಬಿಳಿ, ಮತ್ತೊಮ್ಮೆ ಹಸುರು, ಇನ್ನೊಮ್ಮೆ ಹಳದಿ. ಈ ಬಣ್ಣಗಳೇ ಇದರ ಅಕ್ಷರಮಾಲೆ. ಕೆಂಪು ಅಪಾಯ, ಹಳದಿ ಎಚ್ಚರಿಕೆ, ಹಸುರು ಯಥಾಸ್ಥಿತಿ ಎಂಬ ಸ್ಥೂಲವಾದ ಅಂತರರಾಷ್ಟ್ರೀಯ ಒಡಂಬಡಿಕೆಯೇನೋ ಇದೆ. ಆದರೆ ಅದರೊಳಗೆ ಒಬ್ಬೊಬ್ಬ ತಯಾರಕನದು ಒಂದೊಂದು ವ್ಯಾಕರಣ. ಫೋಕ್ಸ್‌ವ್ಯಾಗನ್ನಿನ ಹಲವು ಕಾರುಗಳಲ್ಲಿ ಹಳದಿ ದೀಪವೆಂದರೆ "ನಾನು ಎಚ್ಚರವಾಗಿದ್ದೇನೆ, ಆದರೆ ಕೆಲಸಕ್ಕೆ ಸಿದ್ಧನಿಲ್ಲ" ಎಂದರ್ಥ; ಗೆರೆ ಕಂಡಿಲ್ಲದಿರಬಹುದು. ಹ್ಯುಂಡೈಯ ಹಲವು ಕಾರುಗಳಲ್ಲಿ ಅದೇ ಹಳದಿ "ನನಗೆ ಕಾಯಿಲೆಯಾಗಿದೆ, ರಿಪೇರಿಗೆ ಒಯ್ಯಿರಿ" ಎನ್ನುತ್ತದೆ. ಟೊಯೊಟಾದ ಹಲವು ಕಾರುಗಳಲ್ಲಿ ಮಿನುಗುವ ಕಿತ್ತಳೆಯೆಂದರೆ "ಗೆರೆ ದಾಟುತ್ತಿದ್ದೀರಿ, ಜೋಕೆ!" ಹೆಚ್ಚು ಕಡಮೆ ಒಂದೇ ಬಣ್ಣ, ಒಂದು ಕಡೆ ಸ್ಥಿತಿವಾಚಕ, ಒಂದು ಕಡೆ ರೋಗಲಕ್ಷಣ, ಇನ್ನೊಂದು ಕಡೆ ಸಂಬೋಧನೆ. ತನ್ನ ಸ್ವಂತ ಕಾರನ್ನೇ ಹತ್ತು ವರ್ಷ ಓಡಿಸುವವನು ಕೈಪಿಡಿ ನೋಡಿ ಕಲಿತಾನು. ಸೋಮವಾರ ಒಬ್ಬರ ಕಾರನ್ನೂ ಮಂಗಳವಾರ ಮತ್ತೊಬ್ಬರ ಕಾರನ್ನೂ ಓಡಿಸಿ ಹೊಟ್ಟೆ ಹೊರೆಯುವ ಚಾಲಕನ ಪಾಡೇನು?

ಹಸುರಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಮ್ಮ ಆಲಂಕಾರಿಕರು ವಾಚ್ಯಾರ್ಥವನ್ನೂ ವ್ಯಂಗ್ಯಾರ್ಥವನ್ನೂ ಬೇರ್ಪಡಿಸಿ ಹೇಳಿದರು. ಹಸುರು ಗೆರೆಯ ವಾಚ್ಯಾರ್ಥ ಬಲು ಚಿಕ್ಕದು: "ಈ ಕ್ಷಣದಲ್ಲಿ ನನಗೆ ಗೆರೆ ಕಾಣುತ್ತಿದೆ." ಅಷ್ಟೆ. ಎದುರಿನ ಲಾರಿ ಅದಕ್ಕೆ ಕಂಡಿದೆಯೆಂದಲ್ಲ, ಮುಂದಿನ ತಿರುವನ್ನು ಅದು ಸುತ್ತಬಲ್ಲದೆಂದಲ್ಲ. ಆದರೆ ಬಾಲ್ಯದಿಂದ ಹಸುರೆಂದರೆ ಕ್ಷೇಮ, ಹಸುರೆಂದರೆ "ಹೊರಡು" ಎಂದು ಕಲಿತ ಮನಸ್ಸು ಅಲ್ಲಿ ದೊಡ್ಡದೊಂದು ವ್ಯಂಗ್ಯಾರ್ಥವನ್ನು ತಾನಾಗಿ ತುಂಬಿಕೊಳ್ಳುತ್ತದೆ: "ಕಾರು ನೋಡಿಕೊಳ್ಳುತ್ತಿದೆ, ನೀನು ಸ್ವಲ್ಪ ಒರಗು." ಕಾವ್ಯದಲ್ಲಿ ಹೇಳದ ಅರ್ಥ ಹೊಳೆದರೆ ಸಹೃದಯನಿಗೆ ಆನಂದ. ಹೆದ್ದಾರಿಯಲ್ಲಿ ಹಾಗಾದರೆ ಆಸ್ಪತ್ರೆ. ಕ್ಯಾಮರಾ ತಾನೂ ಕೆಲವೊಮ್ಮೆ ತಪ್ಪು ಓದುತ್ತದೆ. ಮಳೆಯಲ್ಲಿ ಹೊಳೆಯುವ ಟಾರು, ಅಳಿಸದೆ ಬಿಟ್ಟ ಹಳೆಯ ಗೆರೆ, ಮುಳುಗುವ ಸೂರ್ಯನ ಎದುರು ಬಿಸಿಲು ಅದನ್ನು ಮೋಸಗೊಳಿಸಬಲ್ಲವು.

ಕಳೆದ ವರ್ಷ ಬಂಧುಗಳೊಬ್ಬರ ಕಾರಿನಲ್ಲಿ ಬೆಂಗಳೂರಿನಿಂದ ಹೊರಟಿದ್ದೆ. 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ ಗೆರೆಗಳು ಸ್ಪಷ್ಟವಾಗಿದ್ದವು, ಫಲಕವೂ ಹಸುರಾಗಿತ್ತು. ಮದ್ದೂರಿನಲ್ಲಿ ಮಳವಳ್ಳಿಯ ಕಡೆ ತಿರುಗಿದ ಮೇಲೆ, ಸುಗ್ಗಿಯ ಕಾಲವಾದ್ದರಿಂದ, ರಸ್ತೆಯ ಎಡಮಗ್ಗುಲಲ್ಲಿ ಒಕ್ಕಣೆಗೆ ರಾಗಿ ಹುಲ್ಲನ್ನು ಹರಡಿದ್ದರು. ಚಾಲಕ ವಾಡಿಕೆಯಂತೆ ಇಂಡಿಕೇಟರ್ ಹಾಕದೆ ಬಲಕ್ಕೆ ಸರಿದ. ಚಕ್ರ ಅವನ ಕೈಯನ್ನು ಎಡಕ್ಕೆ, ಹುಲ್ಲಿನ ಕಡೆಗೆ, ಎಳೆಯಿತು. ಅವನು ಬಲವಾಗಿ ಹಿಡಿದ; ಚಕ್ರ ಬಿಟ್ಟುಕೊಟ್ಟಿತು. ಅದರ ಶಕ್ತಿ ಮನುಷ್ಯನ ಕೈಯನ್ನು ಮೀರದಂತೆಯೇ ಇಟ್ಟಿರುತ್ತಾರೆ. ಆದರೆ ಅದು ಅವನಿಗೆ ಹೇಗೆ ಗೊತ್ತು? "ಏನೋ ಎಳೀತದೆ ಸಾರ್, ಒಳಗೆ ಏನೋ ಹೋಗದೆ. ಗ್ಯಾರೇಜಿಗೆ ತೋರಿಸ್ಬೇಕು" ಎಂದ. ಫಲಕದಲ್ಲಿ ಆ ಹೊತ್ತು ಒಂದು ವಾಕ್ಯ ಮೂಡಿ ಮರೆಯಾಗಿತ್ತು, ಇಂಗ್ಲಿಷಿನಲ್ಲಿ. ಅವನು ಕನ್ನಡ ಪತ್ರಿಕೆಯನ್ನು ದಿನವೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವನು.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಸೀಟಿನ ಬೆಲ್ಟು ಕಟ್ಟದಿದ್ದರೆ ಕಾರು ಗಂಟೆ ಬಾರಿಸುತ್ತದೆ. ಬಾಗಿಲು ಸರಿಯಾಗಿ ಹಾಕದಿದ್ದರೆ ಬಾರಿಸುತ್ತದೆ. ಗೆರೆ ಕಾಣದಾಗಿ ನೆರವು ನಿಂತುಹೋದಾಗ ಮಾತ್ರ, ಎಷ್ಟೋ ಕಾರುಗಳಲ್ಲಿ, ಹಸುರು ಸದ್ದಿಲ್ಲದೆ ಬೂದಾಗುತ್ತದೆ. ಜೊತೆಯಲ್ಲಿ ನಡೆಯುತ್ತಿದ್ದವನು ಹೇಳದೆ ಕೇಳದೆ ಗಲ್ಲಿಗೆ ತಿರುಗಿಕೊಂಡಂತೆ! ಪ್ರತಿಸಲವೂ ಸದ್ದು ಮಾಡಲಿ ಎನ್ನಲೂ ಆಗದು. ನಮ್ಮ ರಸ್ತೆಗಳಲ್ಲಿ ಗೆರೆ ಹತ್ತು ಸಲ ಬಂದು ಹತ್ತು ಸಲ ಹೋಗುತ್ತದೆ, ಚಾಲಕ ಬೇಸತ್ತು ಗುಂಡಿಯೊತ್ತಿ ಇಡೀ ವ್ಯವಸ್ಥೆಯನ್ನೇ ಆರಿಸಿಯಾನು. ಇದು ನಮ್ಮಲ್ಲಿನ ಚಾಳಿ ಮಾತ್ರವಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ರಿಪೇರಿಗೆ ಬಂದ ಕಾರುಗಳ ಪೈಕಿ ಸುಮಾರು ಅರ್ಧದಲ್ಲಿ ಮಾತ್ರ ಈ ಗೆರೆಯ ನೆರವು ಚಾಲೂ ಇತ್ತು. ಹಾಗಾದರೆ ಉಪಾಯವೇನು? ಬಣ್ಣದೊಂದಿಗೆ ಆಕಾರವೂ ಬದಲಾಗಲಿ. ಕಂಡ ಗೆರೆ ತುಂಬಿದ ಗೆರೆಯಾಗಿರಲಿ, ಕಾಣದ ಗೆರೆ ತುಂಡುತುಂಡಾಗಲಿ. ಕೆಲವರು ಈಗಾಗಲೇ ಹಾಗೆ ಮಾಡಿದ್ದಾರೆ. 2020ರಲ್ಲಿ ಕೇಂದ್ರ ಸರ್ಕಾರ, ಬಣ್ಣಗಳ ಭೇದ ಅಲ್ಪಸ್ವಲ್ಪ ಕಾಣದವರಿಗೂ ಚಾಲನೆಯ ಪರವಾನಗಿ ಕೊಡಲು ಒಪ್ಪಿತು. ನ್ಯಾಯವಾದ ನಿರ್ಧಾರ. ಆ ನಿರ್ಧಾರವಾದ ಮೇಲೂ ಹಸುರು–ಹಳದಿಗಳ ಅಂತರವೊಂದನ್ನೇ ನೆಚ್ಚಿ ಸೂಚನೆ ಕೊಡುವುದು ಯಾವ ಸೀಮೆಯ ನ್ಯಾಯ?

ಕೈಯ ಚಿತ್ರವೂ ಒಂದಿದೆ. ಚಕ್ರದ ಮೇಲೆ ಎರಡು ಕೈ. ಅದು ಮೂಡಿದರೆ "ಹಿಡಿದುಕೊ" ಎಂದು ಆಜ್ಞೆ. ಎಷ್ಟೋ ಕಾರುಗಳು ಕೈಯನ್ನು ಕಾಣುವುದಿಲ್ಲ, ಕೈ ಚಕ್ರಕ್ಕೆ ಕೊಡುವ ಅಲ್ಪ ಒತ್ತಡವನ್ನು ಅಳೆಯುತ್ತವೆ. ನೇರ ದಾರಿಯಲ್ಲಿ ಹಗುರವಾಗಿ ಹಿಡಿದ ಸಜ್ಜನನಿಗೂ ಈ ಗದರಿಕೆ ತಪ್ಪದು. ಇದಕ್ಕೆ ಸಿಟ್ಟಾಗಬೇಕಾಗಿಲ್ಲ, ಸ್ವಲ್ಪ ಅಲುಗಿಸಿದರೆ ಸಾಕು.

ತಯಾರಕರು ಒಂದೇ ವ್ಯಾಕರಣಕ್ಕೆ ಒಪ್ಪುವ ದಿನ ಬರಲಿ. ಅದಕ್ಕೆ ಮೊದಲೇ ಆಗಬಹುದಾದ ಕೆಲಸಗಳಿವೆ. ಕಾರಿನೊಡನೆ ಕೊಡುವ ಇಂಗ್ಲಿಷಿನ ದಪ್ಪ ಕೈಪಿಡಿಯನ್ನು ಮಾಲೀಕನೂ ಬಿಚ್ಚುವುದಿಲ್ಲ. ಅದರ ಜೊತೆಗೆ ಎರಡು ಪುಟದ ಕನ್ನಡದ ಹಾಳೆಯೊಂದು ಇರಲಿ: ಈ ಕಾರಿನಲ್ಲಿ ಯಾವ ಬಣ್ಣಕ್ಕೆ ಏನರ್ಥ, ಚಕ್ರ ಎಳೆದರೆ ಏನು ಮಾಡಬೇಕು, ಆರಿಸುವ ಗುಂಡಿ ಎಲ್ಲಿದೆ. ಅದನ್ನು ಬರೆಯುವವನು ನಿಘಂಟಿನಿಂದ ಹೆಕ್ಕಿದ 'ಪಥಪಾಲನಾ ಸಹಾಯಕ ಸೂಚಕ' ಎಂಬಂಥ ಮಾತುಗಳನ್ನು ದಯವಿಟ್ಟು ಬಳಸದಿರಲಿ. 'ಗೆರೆ ಕಾಣುತ್ತಿಲ್ಲ, ನೀವೇ ನೋಡಿಕೊಳ್ಳಿ' ಎಂದರೆ ಸಾಕು. ಚಾಲನೆ ಕಲಿಸುವ ಶಾಲೆಗಳು ಕ್ಲಚ್ಚು ಬ್ರೇಕುಗಳ ಪಾಠದ ಜೊತೆಗೆ ಅರ್ಧ ಗಂಟೆ ಇದಕ್ಕೂ ಕೊಡಲಿ. ಬಾಡಿಗೆಯ ಚಾಲಕನ ಕೈಗೆ ಬೀಗದ ಕೈ ಒಪ್ಪಿಸುವ ಮಾಲೀಕರು, ಎಷ್ಟು ಮೈಲೇಜು ಬರಬೇಕೆಂದು ತಾಕೀತು ಮಾಡುವ ಮುನ್ನ, ಫಲಕದ ಆ ಪುಟ್ಟ ಚಿತ್ರವನ್ನು ಒಮ್ಮೆ ತೋರಿಸಿ ವಿವರಿಸಲಿ. ಮದ್ದೂರಿನ ಆ ದಾರಿಯಲ್ಲಿ ನನ್ನ ಬಂಧುಗಳಿಗೂ ಅದರ ಅರ್ಥ ಗೊತ್ತಿರಲಿಲ್ಲ.