ಮನೆಯ ಹೊಲಿಗೆಯೂ ಅದರ ಬೆಲೆಯೂ

ನಮ್ಮ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯ ಪಾಠವು ಬಹುಕಾಲದಿಂದ ನಡೆದುಬಂದಿರುತ್ತದೆ. ಅಂಚು ಮಡಿಸುವುದು, ಕಾಜಾ ಹೊಲಿಯುವುದು, ಹರಿದುದಕ್ಕೆ ತೇಪೆ ಹಾಕುವುದು, ಲಂಗಕ್ಕೆ ನೆರಿಗೆ ಹಿಡಿಯುವುದು, ಇವನ್ನು ಕಲಿಯದೆ ಹೊರಬಿದ್ದ ಹಳೆಯ ವಿದ್ಯಾರ್ಥಿನಿಯರು ವಿರಳ. ಆದರೆ ಹೊಲಿದ ಬಟ್ಟೆಗೆ ಎಷ್ಟು ಕೇಳತಕ್ಕದ್ದೆಂಬುದನ್ನು ಆ ತರಗತಿಯಲ್ಲಿ ಯಾರೂ ಹೇಳಿಕೊಟ್ಟಂತಿಲ್ಲ. ಗಣಿತದ ಪಾಠದಲ್ಲಿ ಅಂಗಡಿಕಾರನ ಲಾಭನಷ್ಟಗಳನ್ನು ತಪ್ಪಿಲ್ಲದೆ ಬಿಡಿಸಿದ ಹುಡುಗಿಯೇ ತನ್ನ ಸೂಜಿಯ ಲಾಭನಷ್ಟವನ್ನು ಒಂದು ದಿನವೂ ಬರೆದಿಡಲಿಲ್ಲ.

ಈ ಮಾತನ್ನೆತ್ತಲು ಕಾರಣವುಂಟು. ಇಂದು ಅನೇಕ ಸ್ತ್ರೀಯರು ಮನೆಯಲ್ಲಿಯೇ ಯಂತ್ರವನ್ನಿಟ್ಟುಕೊಂಡು ರವಿಕೆ, ಮಕ್ಕಳ ಫ್ರಾಕು, ಶಾಲೆಯ ಸಮವಸ್ತ್ರ, ಕೈಚೀಲಗಳನ್ನು ಹೊಲಿದು ಮಾರುತ್ತಿದ್ದಾರೆ. ಮೊಬೈಲಿನಲ್ಲಿ ಚಿತ್ರ ಕಳುಹಿಸಿ ಪರಸ್ಥಳದ ಗಿರಾಕಿಗಳನ್ನು ಸಂಪಾದಿಸಿದವರೂ ಇದ್ದಾರೆ. ಕೈಚಳಕಕ್ಕೆ ಕೊರತೆಯಿಲ್ಲ, ಹೊಸ ನಮೂನೆಗಳನ್ನು ಕಲ್ಪಿಸುವ ಬುದ್ಧಿಗೂ ಕೊರತೆಯಿಲ್ಲ. ಹೀಗಿದ್ದೂ ಕೆಲವು ವರುಷಗಳೊಳಗೆ ಯಂತ್ರದ ಮೇಲೆ ಮುಸುಕು ಬೀಳುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಕೆಲಸ ಸಿಕ್ಕದೆ ಹೀಗಾದುದಲ್ಲ, ಸಿಕ್ಕಿದ ಕೆಲಸದಿಂದ ಏನೂ ಉಳಿಯದೆ ಹೀಗಾಯಿತು. ತನ್ನ ವೇಳೆಗೆ ಬೆಲೆ ಕಟ್ಟದವಳು ಎಷ್ಟು ಅಂದವಾಗಿ ಹೊಲಿದರೂ ಅದು ಉದ್ಯೋಗವಾಗಲಾರದೆಂದೇ ನಮ್ಮ ಅಭಿಪ್ರಾಯ.

ಒಂದು ಲೆಕ್ಕವನ್ನು ಊಹಿಸೋಣ. ಒಳಗೆ ಅಸ್ತರು ಕೊಟ್ಟ ರವಿಕೆಗೆ 300 ರೂಪಾಯಿ ಕೇಳಿದಳೆನ್ನಿ. ಅಸ್ತರಿನ ಬಟ್ಟೆ, ನೂಲು, ಹುಕ್ಕುಗಳಿಗೆ 100 ಹೋಯಿತು. ಉಳಿದ 200 ಲಾಭವೆಂದು ತೋರುತ್ತದೆ. ಆದರೆ ಅಳತೆ ತೆಗೆದು, ಕತ್ತರಿಸಿ, ಹೊಲಿದು, ಕೈಯಿಂದ ಅಂಚು ಮುಗಿಸಿ, ಇಸ್ತ್ರಿ ಮಾಡುವಷ್ಟರಲ್ಲಿ 4 ಗಂಟೆ ಕಳೆದಿರುತ್ತದೆ. ತೋಳು ಬಿಗಿಯಾಯಿತೆಂದು ಮರಳಿ ತಂದರೆ ಬಿಚ್ಚಿ ಹೊಲಿಯಲು ಇನ್ನೊಂದು ಗಂಟೆ. ಗಂಟೆಗೆ 40 ರೂಪಾಯಿ ಬಿದ್ದಂತಾಯಿತು. ವಿದ್ಯುತ್ತು, ಎಣ್ಣೆ, ಮುರಿದ ಸೂಜಿ, ಯಂತ್ರದ ಸವೆತ ಇವು ಇದರಲ್ಲಿ ಸೇರಿಲ್ಲ. ಬಂದಾಕೆ ಅತ್ತಿಗೆಯ ತಂಗಿಯೆಂದು 100 ಬಿಟ್ಟುಕೊಟ್ಟರೆ ಗಂಟೆಗೆ 20!

ಈ ಬಿಟ್ಟುಕೊಡುವಿಕೆಯೇ ದೊಡ್ಡ ಕೇಡು. ಬೀದಿಯ ದರ್ಜಿಗೆ ಕೇಳಿದಷ್ಟನ್ನು ಮರುಮಾತಿಲ್ಲದೆ ತೆರುವವರೇ ನೆರೆಮನೆಯಾಕೆಯ ಬಳಿ, “ನಮ್ಮವಳೇ ಅಲ್ಲವೆ, ದುಡ್ಡಿನ ಮಾತೇಕೆ?” ಎನ್ನುತ್ತಾರೆ. ಕೇಳಲು ನಾಚಿಕೆಪಡುವುದು ಹೆಣ್ಣಿಗೆ ಭೂಷಣವೆಂಬ ಎಣಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ವಿನಯವು ಒಳ್ಳೆಯದೇ, ನೂಲಿನ ಅಂಗಡಿಯವನು ಅದನ್ನು ಹಣಕ್ಕೆ ಬದಲಾಗಿ ತೆಗೆದುಕೊಳ್ಳುವುದಿಲ್ಲ.

ಗಾಂಧೀಜಿಯವರು 1924ರಲ್ಲಿ ಯಂತ್ರಗಳ ವಿಷಯವಾಗಿ ಮಾತನಾಡುತ್ತ ಸಿಂಗರ್ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಹೆಂಡತಿಯ ಬೇಸರದ ದುಡಿಮೆಯನ್ನು ಕಂಡು ಕನಿಕರದಿಂದ ಸಿಂಗರನು ಅದನ್ನು ರಚಿಸಿದನೆಂಬ ಕಥೆಯನ್ನು ಅವರು ನೆನೆದರು. ಯಂತ್ರವು ದುಡಿಮೆಯನ್ನು ಹಗುರಮಾಡಿದ್ದು ನಿಜ. ಹಗುರವಾದ ದುಡಿಮೆಗೂ ಕೂಲಿ ಸಲ್ಲಬೇಕೆಂಬುದನ್ನು ಮಾತ್ರ ಮನುಷ್ಯರೇ ಸಾಧಿಸಬೇಕಾಯಿತು. ಅಹಮದಾಬಾದಿನಲ್ಲಿ ಗಿರಣಿಯ ತುಂಡುಬಟ್ಟೆಗಳನ್ನು ಜೋಡಿಸಿ ರಜಾಯಿಯ ಹೊದಿಕೆ ಹೊಲಿಯುತ್ತಿದ್ದ ಬಡ ಹೆಂಗಸರು ವ್ಯಾಪಾರಿಯು ಕೊಟ್ಟಷ್ಟನ್ನು ಪಡೆದು ಸುಮ್ಮನಿರುತ್ತಿದ್ದರು. ಇಳಾ ಭಟ್ಟರು 1972ರಲ್ಲಿ ಸ್ಥಾಪಿಸಿದ ‘ಸೇವಾ’ ಸಂಘದಲ್ಲಿ ಕೂಡಿಕೊಂಡ ಮೇಲೆ ಅಂಥವರು ದರವನ್ನು ಕೇಳಲು ಕಲಿತರು. 1974ರಲ್ಲಿ ಆ ಸಂಘದ ಸ್ತ್ರೀಯರು ತಮ್ಮದೇ ಒಂದು ಬ್ಯಾಂಕನ್ನು ತೆರೆದರು.

ಕೈಹೊಲಿಗೆಯಲ್ಲಿ ಲೆಕ್ಕದ ಅಗತ್ಯ ಇನ್ನೂ ಹೆಚ್ಚು. ಧಾರವಾಡದ ಕಸೂತಿಯನ್ನೇ ನೋಡಿರಿ. ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ಹೊಲಿಗೆಗಳಿಂದ ಗೋಪುರ, ತೇರು, ಆನೆ, ತುಳಸೀಕಟ್ಟೆಗಳನ್ನು ಮೂಡಿಸುತ್ತಾರೆ. ಗಾವಂತಿಯು ಬಟ್ಟೆಯ ಎರಡು ಮಗ್ಗುಲಲ್ಲೂ ಒಂದೇ ಸಮನೆ ಕಾಣತಕ್ಕದ್ದು. ಒಂದೆಳೆ ತಪ್ಪಿದರೆ ಬಿಚ್ಚಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಯ ರೀತಿಯೇ ಬೇರೆ. ಹಳೆಯ ಸೀರೆಯ ತುಂಡುಗಳನ್ನು ಹೊರ ಅಂಚಿನಿಂದ ಹಚ್ಚುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ಕೊನೆಗೆ ಮೂಲೆಗಳಲ್ಲಿ ಬಟ್ಟೆಯ ಹೂವನ್ನಿಡುತ್ತಾರೆ. ಆ ಹೂವಿಲ್ಲದ ಕೌದಿಯು ಅವರ ಕಣ್ಣಿಗೆ ಬೆತ್ತಲೆ. ಇದರಲ್ಲಿ ಬಟ್ಟೆಗೆ ತಗಲುವ ವೆಚ್ಚ ಅಲ್ಪ, ವೇಳೆಯೇ ಸರ್ವಸ್ವ. ವೇಳೆಯನ್ನೆಣಿಸದೆ ಇದಕ್ಕೆ ಬೆಲೆ ಹೇಳುವುದಾದರೂ ಹೇಗೆ? ಯಂತ್ರದ ಅಗ್ಗದ ಕಸೂತಿಯೊಡನೆ ದರದಲ್ಲಿ ಸ್ಪರ್ಧಿಸುವುದೂ ವ್ಯರ್ಥ. ತನ್ನ ಕೈಯದೇ ಆದ ನಮೂನೆಯನ್ನು ಅದರ ಬೆಲೆಗೆ ಕೊಳ್ಳುವವರನ್ನು ಹುಡುಕುವುದೇ ಜಾಣತನ.

ತಂದೆತಾಯಿಗಳಿಗೂ ಒಂದು ವಿಜ್ಞಾಪನೆ. ಮಗಳ ಹೊಲಿಗೆಯನ್ನು ಬಿಡುವಿನ ಕಾಲಕ್ಷೇಪವೆಂದು ಕರೆಯಬೇಡಿರಿ. ಯಂತ್ರವನ್ನು ಕೊಡಿಸುವುದಾದರೆ ಬಂಡವಾಳವೆಂದು ಕೊಡಿಸಿರಿ. ಬಂದ ಹಣವು ಅವಳ ಹೆಸರಿನ ಖಾತೆಗೇ ಸೇರಲಿ. ಕೇಂದ್ರ ಸರಕಾರವು 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಅದು ಹೆಂಗಸಿನದೂ ಹೌದೆಂಬುದನ್ನು ಮನೆಯವರು ಮೊದಲು ಒಪ್ಪಬೇಕಷ್ಟೆ.

ಹೊಲಿಗೆ ಕಲಿಸುವ ಉಪಾಧ್ಯಾಯಿನಿಯರಲ್ಲಿ ನಮ್ಮ ಪ್ರಾರ್ಥನೆಯು ಸಣ್ಣದು. ಹುಡುಗಿಯರು ನಮೂನೆಯ ಪುಸ್ತಕದಲ್ಲಿ ಎಡಪುಟಕ್ಕೆ ತುಂಡುಹೊಲಿಗೆಯನ್ನು ಅಂಟಿಸಲಿ. ಬಲಪುಟವನ್ನು ಖಾಲಿ ಬಿಡದೆ ಬಟ್ಟೆಗೆ ಎಷ್ಟು, ನೂಲಿಗೆ ಎಷ್ಟು, ಎಷ್ಟು ಗಂಟೆ ಹಿಡಿಯಿತು, ಯಾವ ಬೆಲೆಗೆ ಕೊಡಬಹುದು ಎಂಬುದನ್ನು ಅವರ ಕೈಯಿಂದಲೇ ಬರೆಯಿಸಿರಿ. ಅಂಕಗಳನ್ನು ಕೊಡುವಾಗ ಎರಡು ಪುಟಗಳನ್ನೂ ನೋಡಿರಿ.