ತವರಿನಲ್ಲಿ ಉಳಿದ ಡಬ್ಬಿ

ಕಳೆದ ರಮಝಾನ್‌ಗೆ ಒಂದು ವಾರ ಇರುವಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಮದುವೆಯಾಗಿ ಒಂದೂವರೆ ವರ್ಷವಾಗಿದೆ. ಚಹಾ ಕುಡಿಯುತ್ತಾ ಮಾತನಾಡುವಾಗ ನಗು ಬಂದರೆ ಶಾಲಿನ ಅಂಚನ್ನು ಬಾಯಿಗೆ ಅಡ್ಡ ತರುತ್ತಿದ್ದಳು. ಈ ಅಭ್ಯಾಸ ನನಗೆ ಹೊಸದಲ್ಲ. ಹತ್ತು ವರ್ಷದ ಹುಡುಗಿಯಾಗಿ ನನ್ನೆದುರು ಕುರ್‌ಆನ್ ಓದಲು ಕುಳಿತಾಗಲೂ ಹೀಗೆಯೇ ಮಾಡುತ್ತಿದ್ದಳು. ತಜ್ವೀದ್ ಕಲಿಸುವವರಿಗೆ ಮಕ್ಕಳ ಹಲ್ಲು ಕಣ್ಣಿಗೆ ಬಿದ್ದೇ ಬೀಳುತ್ತದೆ. ‘ಸಾ’, ‘ಝಾಲ್’ ಅಕ್ಷರಗಳು ಸರಿಯಾಗಿ ಬರಬೇಕಾದರೆ ನಾಲಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಅಂಚಿಗೆ ತಾಗಬೇಕು. ಇವಳ ಆ ಎರಡು ಹಲ್ಲುಗಳು ಒಂದರ ಮೇಲೊಂದು ಏರಿ ಕುಳಿತಿದ್ದವು. ಕೆಳಗಿನ ಸಾಲಂತೂ ಜಾಗ ಸಾಲದೆ ನೂಕುನುಗ್ಗಲು ಮಾಡಿದಂತಿತ್ತು.

ಡಿಗ್ರಿ ಓದುವಾಗ ಅವಳಿಗೆ ಚಿಕಿತ್ಸೆ ಮಾಡಿಸಿದರು. ತಂತಿಯ ಕ್ಲಿಪ್ ಅಲ್ಲ, ಅಲೈನರ್. ಹಲ್ಲಿನ ಅಚ್ಚಿಗೆ ಸರಿಯಾಗಿ ಕೂರುವ ಪಾರದರ್ಶಕ ಪ್ಲಾಸ್ಟಿಕ್ಕಿನ ತೆಳು ಕವಚ. ಹತ್ತು ಹದಿನೈದು ದಿನಕ್ಕೊಮ್ಮೆ ಹೊಸದು ಹಾಕುತ್ತಾ ಹೋದ ಹಾಗೆ ಹಲ್ಲು ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಊಟಕ್ಕೆ ಮತ್ತು ಹಲ್ಲುಜ್ಜಲು ಮಾತ್ರ ತೆಗೆದು, ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು. ಗಲ್ಫ್‌ನಲ್ಲಿದ್ದ ತಂದೆ ಕಂತು ಕಂತಾಗಿ 80 ಸಾವಿರ ರೂಪಾಯಿ ಕಳುಹಿಸಿದ್ದರು. ಹದಿನಾಲ್ಕು ತಿಂಗಳಲ್ಲಿ ಹಲ್ಲು ಜೋಡಿಸಿಟ್ಟ ಹಾಗಾಯಿತು. ಬಾಯಿಗೆ ಅಡ್ಡ ಬರುತ್ತಿದ್ದ ಕೈಯೂ ಮಾಯವಾಯಿತು.

ಈಗ ಆ ಕೈ ಮತ್ತೆ ಬಂದಿದೆ!

“ಏನಾಯಿತು ಮಗಳೇ?” ಎಂದೆ.

“ಟೀಚರ್, ರಿಟೈನರ್ ಹಾಕುವುದು ನಿಂತುಹೋಯಿತು” ಎಂದಳು. ಚಿಕಿತ್ಸೆ ಮುಗಿದಾಗ ವೈದ್ಯರು ಕೊನೆಯಲ್ಲಿ ಮತ್ತೊಂದು ಪ್ಲಾಸ್ಟಿಕ್ ಕವಚ ಕೊಟ್ಟು, ಮೊದಲು ಆರು ತಿಂಗಳು ಹಗಲು ರಾತ್ರಿ, ಆಮೇಲೆ ಪ್ರತಿ ರಾತ್ರಿ ಹಾಕಬೇಕು ಎಂದಿದ್ದರಂತೆ. ಅದೇ ರಿಟೈನರ್. ಹಲ್ಲನ್ನು ಸರಿಸುವುದು ಅದರ ಕೆಲಸವಲ್ಲ, ಸರಿದ ಜಾಗದಲ್ಲಿ ಹಿಡಿದಿಡುವುದು. ಏಳನೇ ತಿಂಗಳಲ್ಲಿ ಮದುವೆಯಾಯಿತು. ಹೊಸ ಮನೆ, ಹೊಸ ಗಂಡ. ಮಲಗುವ ಮೊದಲು ಬಾಯಿಗೆ ಪ್ಲಾಸ್ಟಿಕ್ ಹಾಕಿಕೊಳ್ಳುವುದನ್ನು ಹೇಗೆ ತೋರಿಸಲಿ ಎಂಬ ನಾಚಿಕೆ. ಡಬ್ಬಿಯನ್ನು ತವರಿನ ಕಪಾಟಿನಲ್ಲಿಯೇ ಬಿಟ್ಟು ಹೋದಳು. ತಾಯಿಯೂ ಕೇಳಲಿಲ್ಲ, ಹಲ್ಲು ನೇರವಾಯಿತಲ್ಲ, ಚಿಕಿತ್ಸೆ ಮುಗಿಯಿತು ಎಂದೇ ಅವರು ತಿಳಿದಿದ್ದರು. ಔತಣಗಳಿಗೆಂದು ತವರಿಗೆ ಬಂದಾಗಲೆಲ್ಲ ಒಂದೆರಡು ರಾತ್ರಿ ಹಾಕಿ ನೋಡುತ್ತಿದ್ದಳು. ಮೊದಲು ಬಿಗಿಯಾಯಿತು, ಆಮೇಲೆ ನೋವಾಯಿತು. ಒಂದು ದಿನ ಕೂರಲೇ ಇಲ್ಲ.

ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹಲ್ಲು ಹಿಂದಕ್ಕೆ ಹೋಗುತ್ತದೆ ಎಂದು ಅವಳಿಗೆ ಹೇಳಿದ್ದರು. ಏಕೆ ಹೋಗುತ್ತದೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ.

ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗಲ್ಲ. ಬೇರು ಮತ್ತು ದವಡೆಯ ಮೂಳೆಯ ನಡುವೆ ಸೂಕ್ಷ್ಮ ನಾರುಗಳಿವೆ. ಹಲ್ಲು ಅವುಗಳಲ್ಲಿ ತೂಗಿಕೊಂಡಿರುತ್ತದೆ. ಅಲೈನರ್ ಒತ್ತಿದಾಗ ಒಂದು ಬದಿಯ ಮೂಳೆ ಕರಗಿ ಇನ್ನೊಂದು ಬದಿಯಲ್ಲಿ ಹೊಸದು ಬೆಳೆಯುತ್ತದೆ. ಹಲ್ಲು ಸರಿದ ಮೇಲೆ ಬೇರಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಒಸಡಿನ ನಾರುಗಳಿಗೆ ಇನ್ನೂ ಹೆಚ್ಚು. ಹಲ್ಲಿನ ಕುತ್ತಿಗೆಯ ಸುತ್ತ ಇರುವ, ರಬ್ಬರಿನಂತೆ ಎಳೆಯುವ ನಾರುಗಳಂತೂ ಒಂದು ವರ್ಷ ಕಳೆದರೂ ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರಬಲ್ಲವು. ತಿರುಚಿಕೊಂಡಿದ್ದ ಹಲ್ಲನ್ನು ನೇರ ಮಾಡಿದ್ದರೆ ಈ ಎಳೆತ ಇನ್ನೂ ಜಾಸ್ತಿ.

ಹಾಗಾದರೆ ಒಂದೆರಡು ವರ್ಷ ಹಾಕಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕ್ಲಿಪ್ ಹಾಕಿಸಿ ಹಲ್ಲು ನೇರ ಮಾಡಿಕೊಂಡಿದ್ದ 31 ಮಂದಿಯನ್ನು, ರಿಟೈನರ್ ನಿಲ್ಲಿಸಿ 20 ವರ್ಷಗಳ ಬಳಿಕ ಪರೀಕ್ಷಿಸಿದಾಗ ಕೆಳಗಿನ ಮುಂದಿನ ಹಲ್ಲುಗಳು ತೃಪ್ತಿಕರವಾಗಿ ಉಳಿದದ್ದು ನೂರಕ್ಕೆ ಹತ್ತರಷ್ಟು ಜನರಲ್ಲಿ ಮಾತ್ರ. ವಯಸ್ಸಾದಂತೆ ದವಡೆ ಬದಲಾಗುತ್ತದೆ, ಚಿಕಿತ್ಸೆಯನ್ನೇ ಮಾಡಿಸದವರ ಕೆಳಹಲ್ಲುಗಳೂ ಒತ್ತೊತ್ತಾಗುತ್ತವೆ. ಬುದ್ಧಿಹಲ್ಲು ಬಂದು ತಳ್ಳಿತು ಎಂದು ನಮ್ಮಲ್ಲಿ ಹೇಳುವುದುಂಟು. ಬುದ್ಧಿಹಲ್ಲೇ ಇಲ್ಲದವರಿಗೂ ಹೀಗಾಗುತ್ತದೆ, ಪಾಪ ಅದರ ಮೇಲೆ ಅಪವಾದ ಬೇಡ. ಆದ್ದರಿಂದ ಈಗ ವೈದ್ಯರು ಹೇಳುವುದು ಒಂದೇ: ಹಲ್ಲು ನೇರವಾಗಿರಬೇಕು ಎನ್ನುವಷ್ಟು ಕಾಲ ರಾತ್ರಿಯ ರಿಟೈನರ್ ಇರಬೇಕು.

ಇನ್ನೊಂದು ಸ್ವಾರಸ್ಯವಿದೆ. ಅಲೈನರ್ ಕಲ್ಪನೆ ಹುಟ್ಟಿದ್ದೇ ರಿಟೈನರ್‌ನಿಂದ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಝಿಯಾ ಚಿಶ್ತಿ ಎಂಬವರು ದೊಡ್ಡವರಾದ ಮೇಲೆ ಕ್ಲಿಪ್ ಹಾಕಿಸಿಕೊಂಡಿದ್ದರು. ಆಮೇಲೆ ರಿಟೈನರ್ ಹಾಕುವುದನ್ನು ಕೆಲವು ದಿನ ಬಿಟ್ಟಾಗ ಹಲ್ಲು ಸರಿಯಿತು, ಪುನಃ ಹಾಕಿದಾಗ ಸ್ವಸ್ಥಾನಕ್ಕೆ ಬಂತು. ಪ್ಲಾಸ್ಟಿಕ್ಕಿಗೆ ಇಷ್ಟು ಶಕ್ತಿಯಿದ್ದರೆ ಇಡೀ ಚಿಕಿತ್ಸೆಯನ್ನೇ ಹೀಗೆ ಮಾಡಬಾರದೇಕೆ ಎಂದು ಯೋಚಿಸಿ, ಸಹಪಾಠಿ ಕೆಲ್ಸಿ ವರ್ತ್ ಎಂಬ ಮಹಿಳೆಯೊಂದಿಗೆ 1997ರಲ್ಲಿ ಅಲೈನ್ ಟೆಕ್ನಾಲಜಿ ಕಂಪೆನಿಯನ್ನು ಆರಂಭಿಸಿದರು. ನಮಗೆ ಇದರಲ್ಲಿ ಉಪಯೋಗದ ಮಾತೂ ಇದೆ. ನಾಲ್ಕು ದಿನ ತಪ್ಪಿ ಹಾಕಿದಾಗ ಬಿಗಿಯೆನಿಸಿದರೂ ಪೂರ್ತಿ ಕೂರುವುದಾದರೆ ಬಿಡದೆ ಹಾಕಿರಿ, ಸರಿಹೋಗುತ್ತದೆ. ಕೂರದಿದ್ದರೆ ಹಲ್ಲಿನಿಂದ ಕಚ್ಚಿ ಬಲವಂತ ಮಾಡದೆ ಅದೇ ವಾರ ವೈದ್ಯರ ಬಳಿಗೆ ಹೋಗಿರಿ. ಇವಳು ಮಾಡಿದ ಹಾಗೆ ಎಂಟು ತಿಂಗಳು ಸುಮ್ಮನಿರಬೇಡಿರಿ.

ಚಿಕಿತ್ಸೆಗೆ ಮೊದಲು ಅವಳ ತಾಯಿ ನನ್ನಲ್ಲಿ ಕೇಳಿದ್ದ ಪ್ರಶ್ನೆಯನ್ನು ಇಲ್ಲಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಆ ಅಳುಕು ಇದೆ. “ಟೀಚರೇ, ಇದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದ ಹಾಗಾಗುವುದಿಲ್ಲವೇ?” ಎಂದಿದ್ದರು. ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಅರದಿಂದ ಉಜ್ಜಿ ಸಂದು ಮಾಡಿಸಿಕೊಳ್ಳುವ ಸ್ತ್ರೀಯರನ್ನು ಖಂಡಿಸುವ ಹದೀಸನ್ನು ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿದ್ದಾರೆ. ಅದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಮಾಮ್ ನವವಿ ಅದನ್ನು ವಿವರಿಸುತ್ತಾ, ನಿಷೇಧವಿರುವುದು ಕೇವಲ ಚೆಲುವಿಗಾಗಿ ಮಾಡುವುದಕ್ಕೆ, ಚಿಕಿತ್ಸೆಗಾಗಿ ಅಥವಾ ಹಲ್ಲಿನ ದೋಷದ ನಿವಾರಣೆಗಾಗಿ ಮಾಡಿದರೆ ತೊಂದರೆಯಿಲ್ಲ ಎಂದಿದ್ದಾರೆ. ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ(ರ) ಅವರಿಗೆ ಬೆಳ್ಳಿಯ ಮೂಗು ವಾಸನೆ ಬಂದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ) ಹೇಳಿದ್ದೂ ಹದೀಸ್ ಗ್ರಂಥಗಳಲ್ಲಿದೆ. ಒಂದರ ಮೇಲೊಂದು ಏರಿ, ಬ್ರಷ್ ತಲುಪದೆ ಹುಳುಕಾಗುವ ಹಲ್ಲನ್ನು ಸರಿಪಡಿಸುವುದನ್ನು ನಾನು ದೋಷ ನಿವಾರಣೆಯೆಂದೇ ತಿಳಿಯುತ್ತೇನೆ. ಏನೂ ಕೊರತೆಯಿಲ್ಲದ ಬಾಯಿಗೆ ಯಾವುದೋ ನಟಿಯ ನಗು ಬೇಕೆಂದು ಹಣ ಸುರಿಯುವುದು ಬೇರೆ ಮಾತು.

ಅವಳು ಆ ದಿನ ಬಂದದ್ದು ಉಪವಾಸದ ಬಗ್ಗೆ ಕೇಳಲಿಕ್ಕೆ. ಹೊಸ ಚಿಕಿತ್ಸೆ ಆರಂಭವಾಗಿತ್ತು, ಹಗಲೂ ಹಾಕಬೇಕಿತ್ತು. ಬಾಯಲ್ಲಿ ಅಲೈನರ್ ಅಥವಾ ರಿಟೈನರ್ ಇದ್ದ ಮಾತ್ರಕ್ಕೆ ಉಪವಾಸ ಕೆಡುವುದಿಲ್ಲ, ಗಂಟಲಿನಿಂದ ಕೆಳಗೆ ಏನೂ ಇಳಿಯುತ್ತಿಲ್ಲವಲ್ಲ. ಆದರೆ ಹಗಲು ತೆಗೆದು ಮತ್ತೆ ಹಾಕುವಾಗ ಒಂದು ಎಚ್ಚರ ಬೇಕು. ಬಾಯಿಯಿಂದ ಹೊರಬಂದ ವಸ್ತುವಿನ ಮೇಲಿನ ಎಂಜಲು ಅಥವಾ ನೀರು ಮತ್ತೆ ಒಳಹೋಗಿ ನುಂಗಲ್ಪಟ್ಟರೆ ಉಪವಾಸ ಕೆಡುತ್ತದೆಂದು ಶಾಫಿಈ ಗ್ರಂಥಗಳಲ್ಲಿದೆ. ತೊಳೆದು, ಬಟ್ಟೆಯಿಂದ ಒರೆಸಿ ಹಾಕಿದರಾಯಿತು. ರಾತ್ರಿ ಮಾತ್ರ ಹಾಕುವವರಿಗೆ ಈ ಚಿಂತೆಯೇ ಇಲ್ಲ. ತರಾವೀಹ್ ಬಳಿಕ ಹಾಕಿ, ಸಹ್ರಿಗೆ ಎದ್ದಾಗ ತೆಗೆದಿಡಬಹುದು. ಇನ್ನು ಕಡ್ಡಾಯ ಸ್ನಾನದಲ್ಲಿ ಬಾಯಿ ಮುಕ್ಕಳಿಸುವುದು ಹನಫಿಗಳಿಗೆ ಫರ್ಝ್, ಆದ್ದರಿಂದ ಅವರು ತೆಗೆದೇ ಸ್ನಾನ ಮಾಡಬೇಕು. ಶಾಫಿಈಗಳಿಗೆ ಅದು ಸುನ್ನತ್.

ವುಝೂ ಮಾಡುವಾಗಲೇ ಅತಿ ಹೆಚ್ಚು ರಿಟೈನರ್‌ಗಳು ಕಳೆದುಹೋಗುವುದು ಎಂದು ನನ್ನ ಗುಮಾನಿ. ಕಾಲೇಜಿನಲ್ಲೋ ಮದುವೆ ಹಾಲ್‌ನಲ್ಲೋ ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿ ಬೇಸಿನ್ ಪಕ್ಕ ಇಡುತ್ತಾರೆ, ಬೇರೆಯವರು ಕಸವೆಂದು ಎಸೆಯುತ್ತಾರೆ. ಬಾಯಿಯಿಂದ ತೆಗೆದರೆ ಡಬ್ಬಿಗೆ, ಡಬ್ಬಿಯಿಂದ ಬಾಯಿಗೆ, ಮೂರನೆಯ ಜಾಗವಿಲ್ಲ. ತಣ್ಣೀರಿನಲ್ಲಿ ಮೃದು ಬ್ರಷ್‌ನಿಂದ ತೊಳೆಯಿರಿ. ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ, ಬಿಸಿಲಿಗೆ ನಿಂತ ಕಾರಿನಲ್ಲಿಟ್ಟರೂ ಅದೇ ಗತಿ. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬಿದ್ದು ಮಂಕಾಗುತ್ತದೆ. ಬಾಯಲ್ಲಿರುವಾಗ ನೀರಲ್ಲದೆ ಬೇರೇನೂ ಕುಡಿಯಬಾರದು. ಸಿಹಿ ಚಹಾ ಅದರೊಳಗೆ ನಿಂತರೆ ನೇರ ಹಲ್ಲು ಹುಳುಕು ಹಲ್ಲಾಗುತ್ತದೆ. ಬಸುರಿಯರಿಗೆ ವಾಂತಿಯಾಗುತ್ತಿದ್ದರೆ ಅಷ್ಟು ಹೊತ್ತು ತೆಗೆದಿಟ್ಟು, ಬಾಯಿ ಮುಕ್ಕಳಿಸಿ ಮತ್ತೆ ಹಾಕಲಿ. ಈ ಪ್ಲಾಸ್ಟಿಕ್ ಶಾಶ್ವತವೂ ಅಲ್ಲ, ಬಿರುಕು ಬಿಟ್ಟರೆ ಅಥವಾ ಸಡಿಲವಾದರೆ ಹೊಸದು ಮಾಡಿಸಬೇಕು.

ತೆಗೆದು ಹಾಕುವ ರಗಳೆ ಬೇಡವೆನ್ನುವವರಿಗೆ ಕೆಳಗಿನ ಆರು ಹಲ್ಲುಗಳ ಹಿಂಬದಿಗೆ ತೆಳ್ಳಗಿನ ತಂತಿ ಅಂಟಿಸುತ್ತಾರೆ. ನಾಚಿಕೆಯ ಸ್ವಭಾವದ ಹುಡುಗಿಯರಿಗೆ ಇದು ಒಳ್ಳೆಯದೆಂದು ನನಗನಿಸುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೆ ಅದರ ಸುತ್ತ ಪಾಚಿ ಬೇಗ ಕಟ್ಟುತ್ತದೆ, ಸಂದಿಗೆ ಹೋಗುವ ಸಣ್ಣ ಬ್ರಷ್ ಬೇಕು. ಒಂದು ಹಲ್ಲಿನಿಂದ ತಂತಿ ಬಿಟ್ಟುಕೊಂಡರೆ ನಮಗೆ ಗೊತ್ತೇ ಆಗದೆ ಆ ಹಲ್ಲೊಂದೇ ಸರಿದುಬಿಡಬಹುದು. ಆಗಾಗ ವೈದ್ಯರಿಗೆ ತೋರಿಸಲೇಬೇಕು.

ಅವಳ ಬಾಯಿಯನ್ನು ಮತ್ತೆ ಸ್ಕ್ಯಾನ್ ಮಾಡಿ ಎಂಟು ಹೊಸ ಅಲೈನರ್ ಕೊಟ್ಟಿದ್ದರು. ಈ ಬಾರಿ ದುಡ್ಡು ಕೊಟ್ಟವನು ಗಂಡ. “ಮೊದಲೇ ಹೇಳಬಾರದಿತ್ತೇ?” ಎಂದಷ್ಟೇ ಅವನು ಕೇಳಿದನಂತೆ. ಇಷ್ಟು ದಿನ ಅವಳು ಹೆದರಿದ್ದು ಅವನಿಗಿಂತ ಹೆಚ್ಚಾಗಿ ಅತ್ತೆಗೆ. ರಾತ್ರಿ ಬೇಸಿನ್ ಬಳಿ ಅದನ್ನು ತೊಳೆಯುತ್ತಾ ನಿಂತಿದ್ದಾಗ ಅತ್ತೆ ಬಂದು ನೋಡಿದರಂತೆ. ಅವಳು ತಡವರಿಸುತ್ತಾ ವಿವರಿಸಲು ಹೊರಟರೆ ಅವರು ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ನೀರಿನ ಲೋಟಕ್ಕೆ ಹಾಕುತ್ತಾ, “ನಾನು ರಾತ್ರಿ ತೆಗೆಯುತ್ತೇನೆ, ನೀನು ಹಾಕುತ್ತೀ, ಅಷ್ಟೇ ತಾನೇ?” ಎಂದರಂತೆ.

ಮೊನ್ನೆ ಫೋನ್ ಮಾಡಿದ್ದಳು. ಎಂಟೂ ಅಲೈನರ್ ಮುಗಿದಿವೆ. ರಿಟೈನರ್ ಎರಡು ಜೊತೆ ಮಾಡಿಸಿದ್ದಾಳೆ. ಒಂದು ಅತ್ತೆಯ ಲೋಟದ ಪಕ್ಕದಲ್ಲಿದೆ, ಇನ್ನೊಂದು ತವರಿನ ಕಪಾಟಿನಲ್ಲಿ.